ಹೊಣೆ ಒಬ್ಬರದು, ಹಿಡಿತ ಹಲವರದು: ಗೃಹಸಾಲ ವಿಭಾಗದ ನೌಕರರ ದುಡಿಮೆಯನ್ನು ಅರಿಯುವುದು

ಮನೆ ಕೊಳ್ಳುವವರಿಗೆ ಗೃಹಸಾಲವೆಂದರೆ ಇಪ್ಪತ್ತು ವರ್ಷಗಳ ಕಂತು. ಅದನ್ನು ಮಂಜೂರು ಮಾಡಿಸುವ ನೌಕರರಿಗೆ ಅದು ಈ ತಿಂಗಳ ಕೊನೆಯ ದಿನದೊಳಗೆ ಹಣ ಬಿಡುಗಡೆಯಾಗಲೇಬೇಕಾದ ಒಂದು ಫೈಲು. ಈ ಎರಡು ಲೆಕ್ಕಗಳ ನಡುವಿನ ಅಂತರದಲ್ಲಿಯೇ ಗೃಹಸಾಲ ವಿಭಾಗದಲ್ಲಿ ದುಡಿಯುವವರ ಆಯಾಸದ ಬಹುಪಾಲು ಹುಟ್ಟುತ್ತದೆ. ಬ್ಯಾಂಕಿನ ಕೆಲಸವೆಂದರೆ ಫ್ಯಾನಿನ ಕೆಳಗೆ ಕುಳಿತು ಹತ್ತರಿಂದ ಐದರವರೆಗೆ ಮಾಡುವ ನೆಮ್ಮದಿಯ ಕೆಲಸ ಎಂಬ ಹಳೆಯ ಕಲ್ಪನೆ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಆದ್ದರಿಂದ ಈ ಕೆಲಸ ನಿಜವಾಗಿ ಹೇಗೆ ನಡೆಯುತ್ತದೆ, ಅದರ ದಣಿವು ಎಲ್ಲಿಂದ ಬರುತ್ತದೆ, ಅದನ್ನು ತಗ್ಗಿಸಲು ಯಾರು ಏನು ಮಾಡಬಹುದು ಎಂಬುದನ್ನು ಕರ್ನಾಟಕದ ಸಂದರ್ಭದಲ್ಲಿ ಬಿಡಿಸಿ ನೋಡುವುದು ಅಗತ್ಯ.

ಗೃಹಸಾಲದ ನೌಕರರು ಎಂದಾಗ ಒಂದೇ ಬಗೆಯ ಜನರನ್ನು ಕಲ್ಪಿಸಿಕೊಳ್ಳಬಾರದು. ಸರ್ಕಾರಿ ಬ್ಯಾಂಕಿನ ಕಾಯಂ ಅಧಿಕಾರಿ, ಖಾಸಗಿ ಬ್ಯಾಂಕಿನ ಸಾಲ ಪರಿಶೀಲನಾ ವಿಭಾಗದವರು, ಗೃಹ ಹಣಕಾಸು ಕಂಪನಿಯ ಶಾಖೆಯವರು, ದಾಖಲೆಗಳನ್ನು ಜೋಡಿಸಿ ಕಾಪಾಡುವ ಆಪರೇಷನ್ಸ್ ಸಿಬ್ಬಂದಿ, ಬಾಕಿ ವಸೂಲಿಯವರು, ಇವರೆಲ್ಲರ ಜೊತೆಗೆ ಬ್ಯಾಂಕಿನ ಹೆಸರಿನಲ್ಲಿ ಓಡಾಡಿದರೂ ಬ್ಯಾಂಕಿನ ವೇತನಪಟ್ಟಿಯಲ್ಲಿ ಹೆಸರಿಲ್ಲದೆ ಏಜೆನ್ಸಿಯ ಮೂಲಕ ದುಡಿಯುವ ಮಾರಾಟದ ಹುಡುಗ ಹುಡುಗಿಯರು, ಎಲ್ಲರೂ ಇದರಲ್ಲಿ ಸೇರುತ್ತಾರೆ. ಭಾರತದಲ್ಲಿ ಮನೆ ಸಾಲಕ್ಕೆಂದೇ ಮೀಸಲಾದ ಎಚ್‌ಡಿಎಫ್‌ಸಿ ಸಂಸ್ಥೆ 1977ರಲ್ಲಿ ಆರಂಭವಾಯಿತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಕ್ಯಾನ್ ಫಿನ್ ಹೋಮ್ಸ್ 1987ರಲ್ಲಿ ಹುಟ್ಟಿತು. ರಾಷ್ಟ್ರೀಯ ವಸತಿ ಬ್ಯಾಂಕ್ 1988ರಲ್ಲಿ ಸ್ಥಾಪನೆಯಾಯಿತು. ಅಂದಿನಿಂದ ಈ ವೃತ್ತಿ ಬೆಳೆದಿದೆ, ಅದರೊಳಗಿನ ಕೆಲಸ ಹೋಳುಹೋಳಾಗಿ ಹಂಚಿಹೋಗಿದೆ, ಮತ್ತು ಹಾಗೆ ಹಂಚಿಹೋದದ್ದೇ ಮುಂದೆ ಹೇಳಲಿರುವ ತೊಡಕಿನ ಮೂಲವಾಗಿದೆ.

ಒಂದು ಫೈಲಿನ ನಡೆ

ಗ್ರಾಹಕರು ಅರ್ಜಿ ಕೊಟ್ಟು ಅದು ವ್ಯವಸ್ಥೆಯೊಳಗೆ ದಾಖಲಾಗುವುದನ್ನು ಲಾಗಿನ್ ಎನ್ನುತ್ತಾರೆ. ಅಲ್ಲಿಂದ ಹಿಂದಿನ ಸಾಲಗಳನ್ನು ತೀರಿಸಿದ ಬಗೆಯನ್ನು ತೋರಿಸುವ ಸಿಬಿಲ್ ಅಂಕ, ಸಂಬಳದ ಚೀಟಿ, ಆದಾಯ ತೆರಿಗೆ ವಿವರಣೆ, ಮನೆ ಮತ್ತು ಕಚೇರಿಯ ವಿಳಾಸ ಪರಿಶೀಲನೆ ನಡೆಯುತ್ತವೆ. ಇದು ಸುಲಭದ ಭಾಗ. ಕಷ್ಟವಿರುವುದು ಆಸ್ತಿಯ ಕಾಗದಗಳಲ್ಲಿ. ಮೂಲ ಪತ್ರದಿಂದ ಇಂದಿನ ಮಾಲೀಕರವರೆಗೆ ಹಕ್ಕು ಹೇಗೆ ಹರಿದು ಬಂದಿದೆ ಎಂಬ ಸರಣಿ, ಭೂಪರಿವರ್ತನೆಯ ಆದೇಶ, ನಕ್ಷೆ ಮಂಜೂರಾತಿ, ಖಾತೆ, ತೆರಿಗೆ ರಸೀದಿ, ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ (ಇಸಿ) ಇವೆಲ್ಲವನ್ನೂ ಬ್ಯಾಂಕಿನ ಪಟ್ಟಿಯಲ್ಲಿರುವ ವಕೀಲರು ಓದಿ ಅಭಿಪ್ರಾಯ ಕೊಡಬೇಕು. ಅದೇ ವೇಳೆಗೆ ಮೌಲ್ಯಮಾಪಕರು ಸ್ಥಳಕ್ಕೆ ಹೋಗಿ ಅಳತೆ, ಬೆಲೆ, ಚಕ್ಕುಬಂದಿಗಳನ್ನು ತಾಳೆ ನೋಡಬೇಕು. ಕರ್ನಾಟಕದಲ್ಲಿ 2004ರ ಏಪ್ರಿಲ್‌ನಿಂದ ಈಚಿನ ಋಣಭಾರ ಪ್ರಮಾಣಪತ್ರ ಗಣಕದಲ್ಲಿ ಸಿಗುತ್ತದೆ, ಅದಕ್ಕಿಂತ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯ ಹಳೆಯ ಪುಸ್ತಕಗಳನ್ನೇ ಹುಡುಕಬೇಕಾಗುತ್ತದೆ. ಮೂವತ್ತು ವರ್ಷಗಳ ಹಕ್ಕಿನ ಸರಣಿ ಕೇಳುವ ಬ್ಯಾಂಕಿನ ಫೈಲು ಇಲ್ಲಿಯೇ ಎಷ್ಟೋ ದಿನ ನಿಂತುಬಿಡುವುದುಂಟು.

ಇನ್ನೊಂದು ಹೊರೆಯಿದೆ, ಅದು ಯಾವ ವರದಿಯಲ್ಲಿಯೂ ಕಾಣುವುದಿಲ್ಲ. ನಮ್ಮ ಹಳೆಯ ಕ್ರಯಪತ್ರಗಳು, ವಿಭಾಗಪತ್ರಗಳು ಕನ್ನಡದಲ್ಲಿರುತ್ತವೆ, ಎಷ್ಟೋ ಸಲ ಕೈಬರಹದಲ್ಲಿರುತ್ತವೆ. ಬೇರೆ ರಾಜ್ಯದಿಂದ ವರ್ಗವಾಗಿ ಬಂದ ಅಧಿಕಾರಿಗಳೇ ಹೆಚ್ಚಿರುವ ಶಾಖೆಯಲ್ಲಿ ಕನ್ನಡ ಓದಬಲ್ಲ ಒಬ್ಬರೋ ಇಬ್ಬರೋ ಇದ್ದರೆ, ವಕೀಲರ ಅಭಿಪ್ರಾಯವನ್ನು ಮೂಲದೊಡನೆ ತಾಳೆ ನೋಡುವ ಕೆಲಸವೆಲ್ಲ, ಯಾರ ಟೇಬಲ್ಲಿನ ಫೈಲಾದರೂ, ಅವರ ಬಳಿಗೇ ಬರುತ್ತದೆ. ಕರ್ನಾಟಕದಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರ ಏಪ್ರಿಲ್‌ನಲ್ಲಿ ಕ್ರಮವಾಗಿ ಕೆನರಾ ಮತ್ತು ಯೂನಿಯನ್ ಬ್ಯಾಂಕುಗಳಲ್ಲಿ ವಿಲೀನವಾದ ಮೇಲೆ, ಭಾಷೆಯ ಈ ಪ್ರಶ್ನೆ ಕೇವಲ ಗ್ರಾಹಕರದ್ದಲ್ಲ, ಸಿಬ್ಬಂದಿಯ ಕೆಲಸದ ಹಂಚಿಕೆಯದ್ದೂ ಹೌದು ಎಂದು ನಾನು ತಿಳಿಯುತ್ತೇನೆ.

ಕಾಗದಗಳು ಸರಿಯಿದ್ದರೆ ಮಂಜೂರಾತಿ ಪತ್ರ, ಬಳಿಕ ಕ್ರಯದ ನೋಂದಣಿ, ಹಕ್ಕುಪತ್ರಗಳನ್ನು ಒತ್ತೆಯಿಟ್ಟ ದಾಖಲೆ, ಕೊನೆಗೆ ಹಣ ಬಿಡುಗಡೆ. ನೌಕರರ ಸಾಧನೆಯನ್ನು ಸಾಮಾನ್ಯವಾಗಿ ಅಳೆಯುವುದು ಈ ಕೊನೆಯ ಹೆಜ್ಜೆಯಿಂದ ಮಾತ್ರ. ತಿಂಗಳಿಗೆ ಮೂರು ಕೋಟಿ ರೂಪಾಯಿ ಬಿಡುಗಡೆಯ ಗುರಿಯಿದೆ, ಸರಾಸರಿ ಸಾಲ 40 ಲಕ್ಷ ಎಂದುಕೊಳ್ಳೋಣ. ಏಳೆಂಟು ಫೈಲುಗಳು ಕೊನೆ ಮುಟ್ಟಬೇಕು. ಕೆಲವು ಸಿಬಿಲ್‌ನಲ್ಲಿ ಬೀಳುತ್ತವೆ, ಕೆಲವು ವಕೀಲರ ವರದಿಯಲ್ಲಿ, ಕೆಲವು ಗ್ರಾಹಕರು ಕಾಲು ಶೇಕಡಾ ಕಡಿಮೆ ಬಡ್ಡಿ ಕೊಟ್ಟ ಇನ್ನೊಂದು ಬ್ಯಾಂಕಿಗೆ ಹೋದದ್ದರಿಂದ ಕೈತಪ್ಪುತ್ತವೆ. ಹೀಗಾಗಿ ಎಂಟು ಕೊನೆ ಮುಟ್ಟಬೇಕಾದರೆ ಅದರ ಎರಡು ಪಟ್ಟೋ ಅದಕ್ಕೂ ಹೆಚ್ಚೋ ಫೈಲುಗಳು ಸದಾ ಕೈಯಲ್ಲಿರಬೇಕು. ಬೀಳುವ ಪ್ರತಿ ಫೈಲಿನ ಹಿಂದೆಯೂ ಅಷ್ಟೇ ದುಡಿಮೆಯಿರುತ್ತದೆ, ಆದರೆ ಅದು ಎಲ್ಲಿಯೂ ಎಣಿಕೆಗೆ ಬರುವುದಿಲ್ಲ.

ದಣಿವಿನ ಬೇರು

ಕೆಲಸದ ಒತ್ತಡವನ್ನು ಅಧ್ಯಯನ ಮಾಡಿದ ರಾಬರ್ಟ್ ಕರಾಸೆಕ್ 1979ರಲ್ಲಿ ಒಂದು ಮಾದರಿಯನ್ನು ಮುಂದಿಟ್ಟರು. ಕೆಲಸದ ಬೇಡಿಕೆ ಹೆಚ್ಚಿದೆ ಎಂಬ ಒಂದೇ ಕಾರಣಕ್ಕೆ ಮನುಷ್ಯ ಕುಗ್ಗುವುದಿಲ್ಲ. ಬೇಡಿಕೆ ಹೆಚ್ಚಿದ್ದು, ಅದನ್ನು ಹೇಗೆ ಯಾವಾಗ ಪೂರೈಸಬೇಕು ಎಂಬುದರ ಮೇಲೆ ತನಗೆ ಹಿಡಿತವಿಲ್ಲದಿದ್ದಾಗ ಕುಗ್ಗುತ್ತಾನೆ ಎಂಬುದು ಅದರ ಸಾರ. ಗೃಹಸಾಲದ ಕೆಲಸಕ್ಕೆ ಈ ಮಾತು ಅಕ್ಷರಶಃ ಹೊಂದುತ್ತದೆ. ಫೈಲಿನ ಹೊಣೆ ಒಬ್ಬರದು. ಅದರ ವೇಗ ಮಾತ್ರ ವಕೀಲರ, ಮೌಲ್ಯಮಾಪಕರ, ಬಿಲ್ಡರ್‌ಗಳ, ಮಾರುವವರ, ಉಪನೋಂದಣಾಧಿಕಾರಿ ಕಚೇರಿಯ, ಪಾಲಿಕೆಯ ಮತ್ತು ಗಣಕದ ಸರ್ವರ್‌ನ ಕೈಯಲ್ಲಿ ಹಂಚಿಹೋಗಿದೆ.

ಇದಕ್ಕೆ ಬೆಂಗಳೂರಿನ ಇತ್ತೀಚಿನ ಅನುಭವಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. 2024ರ ಅಕ್ಟೋಬರ್‌ನಲ್ಲಿ ನಗರದ ಆಸ್ತಿಗಳ ನೋಂದಣಿಗೆ ಇ-ಖಾತಾ, ಅಂದರೆ ಪಾಲಿಕೆಯ ಆಸ್ತಿ ಖಾತೆಯ ಗಣಕೀಕೃತ ರೂಪ, ಕಡ್ಡಾಯವಾಯಿತು. ವ್ಯವಸ್ಥೆ ಒಳ್ಳೆಯ ಉದ್ದೇಶದ್ದೇ. ಆದರೆ ಇ-ಖಾತಾ ಕೈಗೆ ಬರುವವರೆಗೆ ನೋಂದಣಿಯಿಲ್ಲ, ನೋಂದಣಿಯಿಲ್ಲದೆ ಹಣ ಬಿಡುಗಡೆಯಿಲ್ಲ. ಅದರ ಬೆನ್ನಿಗೇ 2025ರ ಆರಂಭದಲ್ಲಿ ನೋಂದಣಿಯ ಕಾವೇರಿ 2.0 ತಂತ್ರಾಂಶ ಸೈಬರ್ ದಾಳಿಗೆ ಸಿಲುಕಿ ರಾಜ್ಯದಾದ್ಯಂತ ನೋಂದಣಿಗಳು ಕುಂಠಿತವಾದವು. ಇಂಥ ತಿಂಗಳಲ್ಲಿ ಗುರಿ ಇಳಿಯದಿದ್ದರೆ ಸಂಜೆಯ ರಿವ್ಯೂ ಕರೆಯಲ್ಲಿ ನೌಕರರು ಉತ್ತರಿಸಬೇಕಾದದ್ದು ತಾವು ಮಾಡದ ತಪ್ಪಿಗೆ. ತನ್ನಿಂದ ಆಗದ ಕೆಲಸಕ್ಕೆ ಬೈಸಿಕೊಳ್ಳುವುದು ಒಂದು ಬಗೆಯ ನೋವು. ಯಾರಿಂದಲೂ ಆಗದಂತಿದ್ದ ಕೆಲಸಕ್ಕೆ ಬೈಸಿಕೊಳ್ಳುವುದು ಅದಕ್ಕಿಂತ ಆಳವಾದದ್ದು, ಏಕೆಂದರೆ ಮುಂದಿನ ತಿಂಗಳು ಇನ್ನಷ್ಟು ಶ್ರಮಿಸಿದರೂ ಪ್ರಯೋಜನವಿಲ್ಲ ಎಂಬ ಭಾವವನ್ನು ಅದು ಬಿತ್ತುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ವೃತ್ತಿಬಳಲಿಕೆಯನ್ನು ತನ್ನ ರೋಗ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಸೇರಿಸಿತು. ಅದನ್ನು ಕಾಯಿಲೆ ಎಂದು ಕರೆಯಲಿಲ್ಲ, ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನ ಎಂದಿತು. ಮೂರು ಲಕ್ಷಣಗಳನ್ನು ಅದು ಹೇಳುತ್ತದೆ: ಶಕ್ತಿಯೆಲ್ಲ ಬತ್ತಿದಂತಹ ದಣಿವು, ಕೆಲಸದಿಂದ ಮನಸ್ಸು ದೂರ ಸರಿಯುವುದು ಅಥವಾ ಅದರ ಬಗ್ಗೆ ಕಹಿ ತುಂಬುವುದು, ಮತ್ತು ತನ್ನ ಕೆಲಸ ಪರಿಣಾಮಕಾರಿಯಾಗಿಲ್ಲ ಎಂಬ ಭಾವ. ಗೃಹಸಾಲದ ಮೇಜಿನಲ್ಲಿ ಎರಡನೆಯ ಲಕ್ಷಣ ಮೊದಲು ಕಾಣಿಸುವುದುಂಟು. ಗ್ರಾಹಕರ ಹೆಸರು ಮರೆತು ಫೈಲಿನ ಸಂಖ್ಯೆಯಷ್ಟೇ ನೆನಪಿರುವುದು, ಫೋನ್ ರಿಂಗಾದರೆ ಎತ್ತುವ ಮೊದಲೇ ಸಿಡುಕು ಬರುವುದು ಇದರ ಸುಳಿವು. ಇಂಥವರನ್ನು ಒರಟರು ಎಂದು ಗ್ರಾಹಕರು ತಿಳಿಯುತ್ತಾರೆ. ಹಲವು ಸಲ ಅವರು ಬಳಲಿದವರು.

ದೇಹದ ಲೆಕ್ಕವೂ ಬೇರೆಯಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಜೊತೆಯಾಗಿ 2021ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ, 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ 35ರಷ್ಟು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಸುಮಾರು ಶೇ 17ರಷ್ಟು ಹೆಚ್ಚು. ಬ್ಯಾಂಕುಗಳಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರದ ರಜೆ 2015ರ ಸೆಪ್ಟೆಂಬರ್‌ನಿಂದ ಇದೆ ನಿಜ. ಆದರೆ ಸಂಬಳದಾರ ಗ್ರಾಹಕರು ಬಿಡುವಾಗುವುದು ಶನಿವಾರ ಮತ್ತು ಭಾನುವಾರಗಳಂದೇ ಆದ್ದರಿಂದ ಬಿಲ್ಡರ್‌ಗಳ ಸೈಟಿನಲ್ಲಿ ಮೇಜು ಹಾಕಿ ಕೂರುವ ಮಾರಾಟ ಸಿಬ್ಬಂದಿಗೆ ಆ ರಜೆ ಕ್ಯಾಲೆಂಡರಿನಲ್ಲಷ್ಟೇ ಇರುತ್ತದೆ. ವೈಟ್‌ಫೀಲ್ಡ್‌ನ ಗ್ರಾಹಕರಿಂದ ಸಹಿ ಪಡೆದು, ಕೆಂಗೇರಿಯ ಸೈಟ್ ನೋಡಿ, ಶಾಖೆಗೆ ಮರಳುವ ದಿನದಲ್ಲಿ ಮಧ್ಯಾಹ್ನದ ಊಟ ಹೊತ್ತಿಗೆ ಸರಿಯಾಗಿ ಆಗುವುದಿಲ್ಲ.

ಬಡ್ಡಿ ಏರಿದಾಗ ಮಾತು ಕೇಳುವವರು

2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಹೊಸದಾಗಿ ಕೊಡುವ ಬದಲಾಗುವ ಬಡ್ಡಿಯ ಗೃಹಸಾಲಗಳನ್ನು ರೆಪೊ ದರದಂತಹ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಹೊರಗಿನ ಮಾನದಂಡಕ್ಕೆ ಜೋಡಿಸಬೇಕಾಯಿತು. ದರ ಇಳಿದಾಗ ಲಾಭ ಬೇಗ ಗ್ರಾಹಕರಿಗೆ ತಲುಪಲಿ ಎಂಬುದು ಇದರ ಆಶಯ. ಆದರೆ 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರೆಪೊ ದರ ಶೇ 4ರಿಂದ ಶೇ 6.5ಕ್ಕೆ ಏರಿದಾಗ, ಅದರ ಬಿಸಿ ಗ್ರಾಹಕರಿಗೆ ತಟ್ಟಿತು, ಗ್ರಾಹಕರ ಸಿಟ್ಟು ಶಾಖೆಯ ಸಿಬ್ಬಂದಿಗೆ ತಟ್ಟಿತು.

ಆ ಸಿಟ್ಟು ಎಷ್ಟು ಸಹಜ ಎಂಬುದನ್ನು ಅಂಕಿಯಲ್ಲಿ ನೋಡಬೇಕು. ಶೇ 6.7ರ ಬಡ್ಡಿಗೆ 20 ವರ್ಷಕ್ಕೆ 50 ಲಕ್ಷ ಸಾಲ ಪಡೆದವರ ಕಂತು ಸುಮಾರು 37,900 ರೂಪಾಯಿ. ಬಡ್ಡಿ ಎರಡೂವರೆ ಅಂಶ ಏರಿ ಶೇ 9.2 ಆದರೆ 50 ಲಕ್ಷದ ಮೇಲಿನ ಒಂದು ತಿಂಗಳ ಬಡ್ಡಿಯೇ 38,300 ರೂಪಾಯಿ ದಾಟುತ್ತದೆ. ಅಂದರೆ ಸಾಲ ಹೊಸದಾಗಿದ್ದು ಕಂತನ್ನು ಬದಲಿಸದಿದ್ದರೆ ಅಸಲು ಒಂದು ರೂಪಾಯಿಯೂ ತೀರುವುದಿಲ್ಲ, ಬದಲಿಗೆ ಬೆಳೆಯುತ್ತದೆ. 20 ವರ್ಷಕ್ಕೇ ಮುಗಿಸಬೇಕೆಂದರೆ ಕಂತು ಸುಮಾರು 45,600ಕ್ಕೆ ಏರಬೇಕು. ಅವಧಿಯನ್ನು ಹಿಗ್ಗಿಸಿ ಕಂತನ್ನು ಹಾಗೆಯೇ ಉಳಿಸುವ ದಾರಿಯೂ ಇಲ್ಲಿ ಮುಚ್ಚಿಹೋಗುತ್ತದೆ. ಇದನ್ನು ಕಾಗದದ ಮೇಲೆ ಬರೆದು ತೋರಿಸಿ, ಎದುರಿಗೆ ಕುಳಿತ ದಂಪತಿಯ ಮುಖ ಬಾಡುವುದನ್ನು ನೋಡಿ, ಮರುಗಳಿಗೆ ಇನ್ನೊಬ್ಬರಿಗೆ ಹೊಸ ಸಾಲದ ಪ್ರಯೋಜನಗಳನ್ನು ನಗುಮುಖದಿಂದ ವಿವರಿಸುವುದು ಶಾಖೆಯವರ ಕೆಲಸ. ಬಡ್ಡಿ ಏರಿಸಿದವರು ಅವರಲ್ಲ. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್, ದರ ಬದಲಾದಾಗ ಕಂತು ಏರಿಸಬೇಕೋ ಅವಧಿ ಹಿಗ್ಗಿಸಬೇಕೋ ಎಂಬ ಆಯ್ಕೆಯನ್ನು ಸಾಲಗಾರರಿಗೆ ಕೊಡಬೇಕು, ಪರಿಣಾಮವನ್ನು ಮೊದಲೇ ತಿಳಿಸಬೇಕು ಎಂದು ವಿಧಿಸಿತು. ಇದು ಗ್ರಾಹಕರ ಹಿತಕ್ಕಾಗಿ ಬಂದ ನಿಯಮವಾದರೂ, ಮೊದಲೇ ತಿಳಿಸಿದ ಸುದ್ದಿಗೆ ಸಿಬ್ಬಂದಿ ಬೈಸಿಕೊಳ್ಳುವುದು ಕಡಿಮೆಯಾದ್ದರಿಂದ ಅವರ ನೆಮ್ಮದಿಗೂ ಅದು ನೆರವಾಗುತ್ತದೆ.

ಇಲ್ಲ ಎಂದು ಹೇಳುವುದೂ ಈ ವೃತ್ತಿಯ ಭಾಗ. ಒಂದು ಕೋಟಿಯ ಮನೆಗೆ ನಿಯಮದ ಪ್ರಕಾರ 75 ಲಕ್ಷಕ್ಕಿಂತ ಹೆಚ್ಚು ಸಾಲ ಕೊಡುವಂತಿಲ್ಲ. ಮುದ್ರಾಂಕ ಶುಲ್ಕ ಮತ್ತು ನೋಂದಣಿ ಶುಲ್ಕವನ್ನು ಮನೆಯ ಬೆಲೆಗೆ ಸೇರಿಸುವಂತಿಲ್ಲ. ಕರ್ನಾಟಕದಲ್ಲಿ 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2 ಆಗಿರುವುದರಿಂದ ಇವೆರಡಕ್ಕೇ ಏಳು ಲಕ್ಷಕ್ಕೂ ಮಿಕ್ಕಿ ಬೇಕು. ಕೈಯಿಂದ 25 ಲಕ್ಷ ಹಾಕಿದರೆ ಸಾಕು ಎಂದುಕೊಂಡು ಮುಂಗಡ ಕೊಟ್ಟು ಬಂದವರಿಗೆ 32 ಲಕ್ಷ ಬೇಕು ಎಂದು ಹೇಳುವಾಗ ನಿಯಮ ಬರೆದವರು ಎದುರಿಗಿರುವುದಿಲ್ಲ, ಶಾಖೆಯ ಅಧಿಕಾರಿ ಇರುತ್ತಾರೆ.

ಸಹಿ ಹಾಕಿದ ಕೈ

ಹಣ ಬಿಡುಗಡೆಯಾದರೆ ಮಾರಾಟದವರ ಪಾಲಿಗೆ ಫೈಲು ಮುಗಿಯಿತು. ಪರಿಶೀಲಿಸಿ ಸಹಿ ಹಾಕಿದವರ ಪಾಲಿಗೆ ಮುಗಿಯುವುದಿಲ್ಲ. ಕಂತು 90 ದಿನ ಬಾಕಿಯಾದರೆ ಸಾಲ ವಸೂಲಾಗದ ಸಾಲವೆಂದು ವರ್ಗೀಕರಣವಾಗುತ್ತದೆ, ಒತ್ತೆಯಿಟ್ಟ ಆಸ್ತಿಯಿಂದ ಸಾಲ ವಸೂಲಿ ಮಾಡಲು ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸ್ ಹೊರಡುತ್ತದೆ, ಆಗ ಹಳೆಯ ಫೈಲು ಮತ್ತೆ ತೆರೆಯುತ್ತದೆ. ಒಂದೇ ಆಸ್ತಿಯನ್ನು ಎರಡು ಕಡೆ ಒತ್ತೆಯಿಡುವ ವಂಚನೆಯನ್ನು ತಡೆಯಲು 2011ರಲ್ಲಿ ಸರ್ಸಾಯ್ ಎಂಬ ಕೇಂದ್ರ ನೋಂದಣಿ ವ್ಯವಸ್ಥೆ ಬಂದಿದೆ, ಆದರೂ ನಕಲಿ ಸಂಬಳದ ಚೀಟಿ, ನಕಲಿ ಪತ್ರಗಳ ಭಯ ಹೋಗಿಲ್ಲ. ವರ್ಷಗಳ ಹಿಂದೆ ತಿಂಗಳ ಕೊನೆಯ ರಾತ್ರಿ ಅವಸರದಲ್ಲಿ ನೋಡಿದ ಒಂದು ಪುಟದ ಬಗ್ಗೆ ಇಂದು ಲಿಖಿತ ವಿವರಣೆ ಕೇಳಬಹುದು ಎಂಬ ಅಳುಕು ಸರ್ಕಾರಿ ಬ್ಯಾಂಕಿನ ಅಧಿಕಾರಿಗಳ ಜೊತೆ ಮನೆಗೂ ಹೋಗುತ್ತದೆ. ಕೇಂದ್ರ ಸರ್ಕಾರ 2021ರ ಅಕ್ಟೋಬರ್‌ನಲ್ಲಿ, ವಂಚನೆಯಲ್ಲದ 50 ಕೋಟಿವರೆಗಿನ ಸಾಲಗಳ ವಿಷಯದಲ್ಲಿ ಸಿಬ್ಬಂದಿಯ ಹೊಣೆಯನ್ನು ಹೇಗೆ ನಿರ್ಧರಿಸಬೇಕು ಎಂಬ ಮಾರ್ಗಸೂಚಿ ಹೊರಡಿಸಿ, ಸದುದ್ದೇಶದಿಂದ ತೆಗೆದುಕೊಂಡ ನಿರ್ಧಾರಗಳಿಗೆ ರಕ್ಷಣೆ ಸಿಗಬೇಕು ಎಂದದ್ದು ಈ ಅಳುಕು ಕಲ್ಪಿತವಲ್ಲ ಎಂಬುದಕ್ಕೆ ಸಾಕ್ಷಿ.

ಅವಸರಪಡಿಸುವ ಗುರಿ ಮತ್ತು ಅವಸರವನ್ನು ಕ್ಷಮಿಸದ ತನಿಖೆ, ಎರಡೂ ಒಂದೇ ಸಂಸ್ಥೆಯಿಂದ ಬರುತ್ತವೆ. ಇದರ ನಡುವೆ ಸಿಕ್ಕವರಲ್ಲಿ ಹಲವರು ಕೆಲಸ ಬಿಡುತ್ತಾರೆ. ಆಯ್ದ ಖಾಸಗಿ ಬ್ಯಾಂಕುಗಳು ಮತ್ತು ಸಣ್ಣ ಹಣಕಾಸು ಬ್ಯಾಂಕುಗಳಲ್ಲಿ ನೌಕರರು ಬಿಟ್ಟುಹೋಗುವ ಪ್ರಮಾಣ ಸುಮಾರು ಶೇ 25 ಇದೆಯೆಂದು ರಿಸರ್ವ್ ಬ್ಯಾಂಕ್ 2024ರ ಡಿಸೆಂಬರ್‌ನ ತನ್ನ ವರದಿಯಲ್ಲಿ ಹೇಳಿ, ಇದರಿಂದ ಗ್ರಾಹಕ ಸೇವೆಗೆ ಅಡ್ಡಿಯಾಗುತ್ತದೆ, ಸಂಸ್ಥೆಯ ತಿಳಿವಳಿಕೆ ನಷ್ಟವಾಗುತ್ತದೆ ಎಂದು ಎಚ್ಚರಿಸಿತು. ಇಪ್ಪತ್ತು ವರ್ಷಗಳ ಸಾಲದ ಮಟ್ಟಿಗೆ ಇದರ ಅರ್ಥ ಸರಳ: ಷರತ್ತುಗಳನ್ನು ವಿವರಿಸಿ ಸಹಿ ಹಾಕಿಸಿಕೊಂಡವರು, ಮೊದಲ ತೊಡಕು ಬರುವ ಹೊತ್ತಿಗೆ ಆ ಕುರ್ಚಿಯಲ್ಲಿ ಇರುವುದಿಲ್ಲ.

ಏನು ಸಾಧ್ಯ

ಯೋಗದ ತರಗತಿ, ಧ್ಯಾನದ ಆ್ಯಪ್‌ಗಳನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಬೇರು ಕೆಲಸದ ಅಳತೆಯಲ್ಲಿ ಇರುವಾಗ ಮದ್ದೂ ಅಲ್ಲಿಯೇ ಬೀಳಬೇಕು. ಫೈಲು ಎಷ್ಟು ದಿನ ಯಾರ ಬಳಿಯಿತ್ತು ಎಂಬುದನ್ನು ತಂತ್ರಾಂಶ ಹೇಗೂ ದಾಖಲಿಸಬಲ್ಲದು. ವಕೀಲರ ಬಳಿ ಕಳೆದ ದಿನ, ಸರ್ಕಾರಿ ಕಚೇರಿಯಲ್ಲಿ ಕಳೆದ ದಿನಗಳನ್ನು ನೌಕರರ ಲೆಕ್ಕದಿಂದ ತೆಗೆದರೆ ಹೊಣೆಗೂ ಹಿಡಿತಕ್ಕೂ ನಡುವಿನ ಬಿರುಕು ಬಹುಮಟ್ಟಿಗೆ ಮುಚ್ಚುತ್ತದೆ. ಗುರಿಯನ್ನು ಮೂರು ತಿಂಗಳ ಸರಾಸರಿಯಲ್ಲಿ ನೋಡಿದರೆ ತಿಂಗಳ ಕೊನೆಯ ಎರಡು ದಿನಗಳ ಅವಸರ, ಆ ಅವಸರದಲ್ಲಿ ಆಗುವ ತಪ್ಪು, ಎರಡೂ ಇಳಿಯುತ್ತವೆ. ಕನ್ನಡ ದಾಖಲೆ ಓದುವ ಕೆಲಸವನ್ನು ಕೆಲಸವೆಂದೇ ಎಣಿಸಿ, ಅದಕ್ಕೆ ತಕ್ಕಂತೆ ಅದನ್ನು ಮಾಡುವವರ ಉಳಿದ ಗುರಿಯನ್ನು ತಗ್ಗಿಸಬೇಕು. ರಿವ್ಯೂ ಕರೆಗಳು ಕಚೇರಿಯ ಹೊತ್ತಿನೊಳಗೇ ಮುಗಿಯಬೇಕು. ಬಾಕಿ ವಸೂಲಿಗಾಗಿ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಸಾಲಗಾರರಿಗೆ ಕರೆ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಹೇಳಿದೆ. ಸಾಲಗಾರರಿಗೆ ಸಲ್ಲುವ ಈ ಮಿತಿಯನ್ನು ಸಂಸ್ಥೆ ತನ್ನ ನೌಕರರಿಗೂ ಸಲ್ಲಿಸಬಾರದೇಕೆ?

ರಜೆಯ ಬಗ್ಗೆ ಒಂದು ಮಾತು. ಬ್ಯಾಂಕುಗಳ ಸೂಕ್ಷ್ಮ ಹುದ್ದೆಗಳಲ್ಲಿರುವವರನ್ನು ವರ್ಷಕ್ಕೊಮ್ಮೆ ಕನಿಷ್ಠ 10 ಕೆಲಸದ ದಿನ, ಮುನ್ಸೂಚನೆಯಿಲ್ಲದೆ, ಒಂದೇ ಬಾರಿಗೆ ಕಡ್ಡಾಯ ರಜೆಯ ಮೇಲೆ ಕಳಿಸಬೇಕೆಂಬ ನಿಯಮವನ್ನು ರಿಸರ್ವ್ ಬ್ಯಾಂಕ್ 2021ರಲ್ಲಿ ಪರಿಷ್ಕರಿಸಿದೆ. ಅದರ ಉದ್ದೇಶ ವಂಚನೆ ಪತ್ತೆಯೇ ಹೊರತು ವಿಶ್ರಾಂತಿಯಲ್ಲ. ಆದರೂ ಒಬ್ಬರು ಹತ್ತು ದಿನ ಇಲ್ಲದಿದ್ದರೂ ಕೆಲಸ ನಡೆಯುವಂತೆ ವ್ಯವಸ್ಥೆ ಮಾಡಬಹುದು ಎಂಬುದು ಅದರಿಂದ ಸಿದ್ಧವಾಗುತ್ತದೆ; ಹಾಗಿರುವಾಗ ಗೃಹಸಾಲದ ಮೇಜಿನಿಂದ ನಾಲ್ಕು ದಿನ ರಜೆ ಕೇಳಿದವರಿಗೆ ಫೈಲು ನಿಲ್ಲುತ್ತದೆ ಎಂಬ ಕಾರಣ ಕೊಡುವುದು ಸರಿಯಲ್ಲ. ಸೈಟ್ ನೋಡಲು, ಗ್ರಾಹಕರ ಮನೆಗೆ ಹೋಗಲು ಒಬ್ಬರೇ ಹೋಗುವ ಮಹಿಳಾ ಸಿಬ್ಬಂದಿಯೂ ತಿಳಿದಿರಬೇಕಾದ ಸಂಗತಿಯೊಂದಿದೆ: 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ಕೆಲಸದ ನಿಮಿತ್ತ ಭೇಟಿ ಕೊಡುವ ಜಾಗಗಳೂ ಕೆಲಸದ ಸ್ಥಳವೇ ಆಗಿವೆ, ಅಲ್ಲಿ ಆದದ್ದಕ್ಕೂ ಕಚೇರಿಯ ಆಂತರಿಕ ಸಮಿತಿಗೆ ದೂರು ಕೊಡಬಹುದು.

ನಿದ್ದೆ ಕೆಟ್ಟು ವಾರಗಳಾದರೆ, ಭಾನುವಾರ ಸಂಜೆಯೇ ಎದೆ ಬಿಗಿಯತೊಡಗಿದರೆ, ಬದುಕೇ ಬೇಡವೆನ್ನಿಸಿದರೆ, ಮೇಲಧಿಕಾರಿಯ ಒಪ್ಪಿಗೆಗಾಗಲಿ ಮಾನವ ಸಂಪನ್ಮೂಲ ವಿಭಾಗದ ಮೇಲ್‌ಗಾಗಲಿ ಕಾಯಬೇಕಿಲ್ಲ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಮಾರ್ಗದರ್ಶಿ ಸಂಸ್ಥೆಯಾಗಿದೆ.

ಸಾಲ ಪಡೆಯುವವರ ಕೈಯಲ್ಲಿಯೂ ಒಂದಿಷ್ಟು ಇದೆ. ದಾಖಲೆಗಳನ್ನು ದಿನಕ್ಕೊಂದರಂತೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಬದಲು ಪಟ್ಟಿಯ ಪ್ರಕಾರ ಒಟ್ಟಿಗೆ ಕೊಟ್ಟರೆ ಇಬ್ಬರ ಸಮಯವೂ ಉಳಿಯುತ್ತದೆ. ಸಾಲದ ಜೊತೆ ವಿಮೆ ಕೊಳ್ಳುವುದು ಕಡ್ಡಾಯವೆಂದು ಹೇಳಿದರೆ ಅದನ್ನು ಬರಹದಲ್ಲಿ ಕೊಡಿ ಎಂದು ಶಾಂತವಾಗಿ ಕೇಳಬಹುದು. ಅಂಥ ಕಡ್ಡಾಯ ನಿಯಮದಲ್ಲಿಲ್ಲ, ಮಾರುವವರ ಮೇಲೆ ಅದಕ್ಕೂ ಒಂದು ಗುರಿ ಹೇರಿರುವ ಸಾಧ್ಯತೆಯೇ ಹೆಚ್ಚು. ಎಲ್ಲಕ್ಕಿಂತ ಹೆಚ್ಚಿನ ತಲ್ಲಣ ಹುಟ್ಟುವುದು ಮುಂಗಡ ಕೊಟ್ಟ ಕ್ರಯದ ಕರಾರಿನ ಗಡುವಿನಿಂದ: ಮೂರು ತಿಂಗಳಲ್ಲಿ ನೋಂದಣಿಯಾಗದಿದ್ದರೆ ಮುಂಗಡ ಮುಳುಗುತ್ತದೆ ಎಂಬ ಭಯದಲ್ಲಿ ಗ್ರಾಹಕರು ದಿನಕ್ಕೆ ಹತ್ತು ಸಲ ಕರೆ ಮಾಡುತ್ತಾರೆ. ಆದ್ದರಿಂದ ಸಹಿ ಹಾಕುವ ಮೊದಲೇ, ಇ-ಖಾತಾ, ಋಣಭಾರ ಪ್ರಮಾಣಪತ್ರ ಅಥವಾ ನೋಂದಣಿ ತಂತ್ರಾಂಶದ ಅಡಚಣೆಯಿಂದ ತಡವಾದ ದಿನಗಳನ್ನು ಗಡುವಿನ ಲೆಕ್ಕಕ್ಕೆ ಸೇರಿಸತಕ್ಕದ್ದಲ್ಲ ಎಂಬ ಒಂದು ಸಾಲನ್ನು ಕರಾರಿನಲ್ಲಿ ಸೇರಿಸುವಂತೆ ವಕೀಲರನ್ನು ಕೇಳಬೇಕು.